ಗಿರೀಶನ ಸರ್ವರ್‌ಗೆ ಗೊತ್ತಿಲ್ಲದ ಪದ

ಕಾಫಿ ಪಲ್ಪಿನ ಹುಳಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಗಿರೀಶನ ಮೇಲೆ ಸಿಟ್ಟು ಬರುತ್ತದೆ. ಕಳೆದ ತಿಂಗಳು ಚಿಕ್ಕಮಗಳೂರಿನಿಂದ ಊರಿಗೆ ಹೋಗುತ್ತಿದ್ದೆ. ಕೊಟ್ಟಿಗೆಹಾರ ದಾಟಿ ಬಸ್ಸು ಕಳಸದ ಕಡೆ ತಿರುಗಿದ ಮೇಲೆ ಯಾವುದೋ ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡುತ್ತಿತ್ತು. ಹಣ್ಣಿನ ಸಿಪ್ಪೆ ಕೊಳೆಯುವ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿದ್ದೇ ತಡ, ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು, ನಾನು ಹಲ್ಲು ಕಚ್ಚಿದೆ. ಇಂಥ ವಾಸನೆ ಬಂದರೆ ಜನಕ್ಕೆ ಬಾಲ್ಯ ನೆನಪಾಗುತ್ತದಂತೆ, ಅಜ್ಜಿ ನೆನಪಾಗುತ್ತಾಳಂತೆ. ನನಗೆ ನೆನಪಾಗುವುದು ಒಂದು ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಒಂದು ಸಾಲು, ಅದನ್ನು ಓದಿ ಮಾತು ನಿಲ್ಲಿಸಿದ ಒಂದು ಇಡೀ ಜೀಪ್ ಸ್ಟ್ಯಾಂಡು. ಅದು ನಡೆದದ್ದೂ ಕೊಯ್ಲಿನ ಕಾಲ. ಪಲ್ಪರುಗಳು ಓಡುತ್ತಿದ್ದವು, ಊರಿಡೀ ಇದೇ ವಾಸನೆ.

ಕಳಸದಲ್ಲಿ ನಮ್ಮದು ದಿನಸಿ ಅಂಗಡಿ. ಅಂಗಡಿಯ ಎದುರಿಗೇ ಜೀಪ್ ಸ್ಟ್ಯಾಂಡು. ಬಸ್ಸು ಹೋಗದ ಊರುಗಳಿಗೆ ಜನರನ್ನು, ಗೊಬ್ಬರದ ಮೂಟೆಯನ್ನು, ಮದುವೆ ಸಾಮಾನನ್ನು ಹೊತ್ತೊಯ್ಯುವ ಜೀಪುಗಳು. ಗುಡ್ಡ ನೋಡಲು ಬರುವ ಪ್ರವಾಸಿಗರನ್ನೂ ಈಗ ಅವೇ ಹೊರುತ್ತವೆ. ಯಾರ ಬಾಡಿಗೆ ಮೊದಲು, ಯಾರದು ಆಮೇಲೆ ಎಂದು ನೋಡಿಕೊಳ್ಳುತ್ತಿದ್ದದ್ದು ನಮ್ಮಮ್ಮ, ಸ್ಟ್ಯಾಂಡಿನವರ ಪಾಲಿಗೆ ಗೌರಕ್ಕ. ಅವಳನ್ನು ಆ ಕೆಲಸಕ್ಕೆ ಯಾರೂ ನೇಮಿಸಿರಲಿಲ್ಲ. ಹಿಂದೆ ಆ ಸಾಲಿನಲ್ಲಿ ಫೋನ್ ಇದ್ದದ್ದು ನಮ್ಮ ಅಂಗಡಿಯಲ್ಲಿ ಮಾತ್ರ. ಜೀಪು ಬೇಕಾದವರು ಅಲ್ಲಿಗೆ ಫೋನ್ ಮಾಡುತ್ತಿದ್ದರು, ಅಪ್ಪ ಡ್ರೈವರನ್ನು ಕೂಗಿ ಕಳಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯೂ ಆ ಕೂಗೂ ಅಮ್ಮನ ಪಾಲಿಗೆ ಬಂತು.

ಅಂಗಡಿಯ ಹೊರಗೋಡೆಗೆ ಒಂದು ಹಲಗೆ, ಹಲಗೆಯಲ್ಲಿ ಸಾಲಾಗಿ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಜೀಪಿನ ತಗಡಿನ ಬಿಲ್ಲೆ. ಮೊದಲ ಮೊಳೆಯವನು ಬಾಡಿಗೆಗೆ ಹೋದರೆ ಉಳಿದ ಬಿಲ್ಲೆಗಳೆಲ್ಲ ಒಂದು ಮೊಳೆ ಮುಂದೆ ಬರುತ್ತವೆ. ಹೋದವನು ವಾಪಸು ಬಂದರೆ ಅವನಿಗೆ ಕೊನೆಯ ಮೊಳೆ. ರಸ್ತೆಯಲ್ಲಿ ಹೋಗುವವರು ಯಾರೇ ತಲೆಯೆತ್ತಿದರೂ ಇಡೀ ಸಾಲು ಕಾಣುತ್ತಿತ್ತು. ಒಂದೇ ಒಂದು ವಿನಾಯಿತಿ ಇತ್ತು. ಹೆರಿಗೆಯವರನ್ನೋ ರೋಗಿಯನ್ನೋ ಆಸ್ಪತ್ರೆಗೆ ಒಯ್ದವನು ವಾಪಸು ಬಂದಾಗ ಅವನ ಬಿಲ್ಲೆ ಕೊನೆಗೆ ಹೋಗುವುದಿಲ್ಲ, ಮೊದಲ ಮೊಳೆಗೆ ಬರುತ್ತದೆ. ಅಂಥ ಬಾಡಿಗೆಗೆ ಡೀಸೆಲ್ಲಿನ ದುಡ್ಡಿಗಿಂತ ಹೆಚ್ಚು ಯಾರೂ ಕೇಳುವುದಿಲ್ಲ, ಸರದಿಯನ್ನಾದರೂ ಅವನು ಕಳೆದುಕೊಳ್ಳಬಾರದು ಎಂದು. ಯಾರು ಯಾವಾಗ ಮಾಡಿದ ನಿಯಮವೋ ಗೊತ್ತಿಲ್ಲ. ಅದನ್ನು ಯಾರಾದರೂ ಮುರಿದದ್ದನ್ನು ನಾನು ನೋಡಿರಲಿಲ್ಲ.

ಗಿರೀಶ ನನ್ನ ಚಿಕ್ಕಪ್ಪನ ಮಗ. ಹೊರನಾಡಿನ ರಸ್ತೆಯಲ್ಲಿ ತೋಟದ ಅಂಚಿಗೆ ಲಾಡ್ಜ್ ಕಟ್ಟಿದ್ದ. ಎರಡು ಹೊಸ ಜೀಪು ತೆಗೆದು ಅವಕ್ಕೆ ಸಂಬಳದ ಡ್ರೈವರುಗಳನ್ನು ಇಟ್ಟು ಅವನ್ನೂ ಸ್ಟ್ಯಾಂಡಿನ ಸಾಲಿಗೆ ಸೇರಿಸಿದ್ದ. ಆ ವರ್ಷ ನಾನು ಊರಿನಲ್ಲೇ ಇದ್ದೆ. ಮೂಡಿಗೆರೆಯಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದ ಖಾಸಗಿ ಸಂಸ್ಥೆ ಮುಚ್ಚಿಹೋಗಿತ್ತು. ಮುಂದೇನು ಎಂದು ಗೊತ್ತಿಲ್ಲದೆ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಗಿರೀಶ ಬಂದ.

"ಅಕ್ಕ, ಜೀಪಿನ ಸರದೀನೆಲ್ಲ ಮೊಬೈಲಲ್ಲಿ ತರೋಣ ಅಂತ. ಸರ್ವರ್ ನಾನು ಮಾಡಿಸ್ತೀನಿ. ಅದರ ಹತ್ರ ಹೆಂಗೆ ಮಾತಾಡ್ಬೇಕು ಅಂತ ನೀನು ಒಂಚೂರು ಬರ್ಕೊಡು. ಕಲ್ಸಿದವ್ಳಲ್ಲ ನೀನು."

ಬರೆದುಕೊಟ್ಟೆ. ನನಗೂ ಕೈಗೆ ಕೆಲಸವಿರಲಿಲ್ಲ. ಡ್ರೈವರುಗಳ ಬಾಯಲ್ಲಿ ಇರುವ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ. 'ಸರದಿ' ಎಂದು ಕಳಿಸಿದರೆ ನಿನ್ನದು ಎಷ್ಟನೆಯದು ಎಂದು ಸರ್ವರ್ ಹೇಳಬೇಕು. 'ಹೊರಟೆ' ಎಂದರೆ ಸಾಲಿನಿಂದ ತೆಗೆಯಬೇಕು. 'ಬಂದೆ' ಎಂದರೆ ಕೊನೆಗೆ ಸೇರಿಸಬೇಕು. 'ಸಾಲು' ಎಂದರೆ ಎಲ್ಲರ ಹೆಸರನ್ನೂ ಕ್ರಮವಾಗಿ ಹೇಳಬೇಕು, ಯಾರು ಕೇಳಿದರೂ ಹೇಳಬೇಕು. ಇನ್ನೊಂದು ಪದ 'ಆಸ್ಪತ್ರೆ'. ಅದನ್ನು ಕಳಿಸಿದವನು ಮೊದಲಿಗೆ ಬರಬೇಕು.

ಗಿರೀಶ ಕೊನೆಯ ಪದದ ಮೇಲೆ ಬೆರಳಿಟ್ಟ. "ಇದೊಂದು ಬೇಡ ಅಕ್ಕ. ಎಲ್ರೂ ಆಸ್ಪತ್ರೆ ಆಸ್ಪತ್ರೆ ಅಂತ ಸುಳ್ಳು ಹೇಳಿ ಮುಂದೆ ಬಂದು ಕೂರ್ತಾರೆ."

"ಇಷ್ಟು ವರ್ಷ ಯಾರೂ ಹೇಳಿಲ್ವಲ್ಲ ಮಾರಾಯ."

"ದೊಡ್ಡಮ್ಮನ ಎದ್ರಿಗೆ ಹೇಳಲ್ಲ. ಮಿಷಿನ್ ಎದ್ರಿಗೆ ಹೇಳ್ತಾರೆ."

ಆ ಪದವನ್ನು ಅವನು ತೆಗೆದ. ನಾನು ಹೆಚ್ಚು ವಾದ ಮಾಡಲಿಲ್ಲ. ಹಲಗೆ ಹೇಗೂ ಇರುತ್ತದೆ, ಇದು ಅದರ ಜೊತೆಗೆ ಒಂದು ಅನುಕೂಲ ಎಂದುಕೊಂಡಿದ್ದೆ.

ದಸರಾ ಮುಗಿದ ವಾರ ಗಿರೀಶ ಒಂದು ಬೆಳಿಗ್ಗೆ ಸ್ಟ್ಯಾಂಡಿನ ಎಲ್ಲರನ್ನೂ ಸೇರಿಸಿ, ಎಲ್ಲರ ಮೊಬೈಲಿಗೂ ತನ್ನ ಆಪ್ ಹಾಕಿಸಿದ. ಆಮೇಲೆ ನಮ್ಮ ಅಂಗಡಿಯ ಕಟ್ಟೆ ಹತ್ತಿ ಹಲಗೆಯನ್ನು ಕಿತ್ತ. ಅಮ್ಮ ಗಲ್ಲಾದಲ್ಲಿ ಕೂತಿದ್ದಳು.

"ದೊಡ್ಡಮ್ಮ, ಇನ್ನು ನೀವು ರೆಸ್ಟ್ ತಗೊಳಿ" ಎಂದ.

ಸುಂದರಣ್ಣ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರು. ಅವರು ಕೇಳಿದರು, "ಗೌರಕ್ಕನ ಹಲಗೆ ಎಂತಕ್ಕೆ ತೆಗೀತೀಯ ಮಾರಾಯ? ಅದೂ ಒಂದು ಇರ್ಲಿ."

ಆಗ ಗಿರೀಶ ಆ ಮಾತು ಹೇಳಿದ. ಮೆಲ್ಲಗೆ ಹೇಳಲಿಲ್ಲ, ಆಚೆ ಬದಿಯ ಹೋಟೆಲಿನವರಿಗೂ ಕೇಳುವಂತೆ ಹೇಳಿದ. "ಎಲ್ರಿಗೂ ಗೊತ್ತಿರೋದೇ ಸುಂದರಣ್ಣ. ಹಲಸಿನಹಣ್ಣು ತಂದ್ಕೊಟ್ಟವ್ನ ಬಿಲ್ಲೆ ಮುಂದೆ, ಕೊಡದವ್ನ ಬಿಲ್ಲೆ ಹಿಂದೆ. ಮಿಷಿನ್ನಿಗೆ ಹಲಸಿನಹಣ್ಣು ಬೇಕಾಗಲ್ಲ."

ಒಂದಿಬ್ಬರು ನಕ್ಕರು. ಹಲಗೆಯನ್ನು ಗಿರೀಶ ತನ್ನ ಜೀಪಿಗೆ ಹಾಕಿಕೊಂಡು ಹೋಗಿ ಲಾಡ್ಜಿನ ಹಂಡೆ ಒಲೆಗೆ ಕೊಟ್ಟನಂತೆ.

ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ರಸ್ತೆಗೆ ಮುಖ ಮಾಡಿರುವ ಗಲ್ಲಾದಲ್ಲಿ ಕೂರುವುದನ್ನು ಬಿಟ್ಟಳು. ಒಳಗೆ ಅಕ್ಕಿಮೂಟೆಗಳ ಮೇಲೆ ಕೂತು ಧನಿಯಾ ಆರಿಸುತ್ತಿದ್ದಳು. ಗಿರಾಕಿ ಬಂದರೆ ನನ್ನನ್ನು ಕರೆಯುತ್ತಿದ್ದಳು. ಯಾಕಮ್ಮ ಎಂದು ಒಂದು ದಿನ ಕೇಳಿದೆ.

"ಅವ್ನು ಹೇಳಿದ್ದು ಹೋಗ್ಲಿ ಉಮಾ" ಎಂದಳು. "ಅವ್ರು ನಕ್ಕರಲ್ಲ."

ನಮ್ಮಮ್ಮ ಒಂದು ಕಡ್ಡಿ ಕೊತ್ತಂಬರಿಯನ್ನೂ ಪುಕ್ಕಟೆ ತೆಗೆದುಕೊಂಡವಳಲ್ಲ. ಹಲಸಿನಹಣ್ಣು ತಂದವರಿಗೆ ಬೆಲ್ಲ ಕೊಟ್ಟು ಕಳಿಸಿದವಳು. ಅವಳು ಮತ್ತೆ ಗಲ್ಲಾದಲ್ಲಿ ರಸ್ತೆಗೆ ಮುಖ ಮಾಡಿ ಕೂರಬೇಕು, ಅದೇ ಕಟ್ಟೆಯ ಮುಂದೆ, ಅದೇ ಜನರ ಎದುರು, ಅಷ್ಟೇ ಗಟ್ಟಿಯಾಗಿ ಗಿರೀಶ ತಾನು ಹೇಳಿದ್ದು ಸುಳ್ಳೆಂದು ಒಪ್ಪಬೇಕು. ನನಗೆ ಬೇಕಾದದ್ದು ಇಷ್ಟೇ. ಬೇರೆ ಯಾವ ರಾಜಿಯೂ ನನಗೆ ಬೇಕಿರಲಿಲ್ಲ. ಊಟ ರುಚಿಸುತ್ತಿತ್ತು, ನಿದ್ರೆಯೂ ಬರುತ್ತಿತ್ತು, ಸಿಟ್ಟು ಮಾತ್ರ ಹೋಗುತ್ತಿರಲಿಲ್ಲ.

ಇತ್ತ ಸ್ಟ್ಯಾಂಡಿನಲ್ಲಿ ಗೊಣಗಾಟ ಶುರುವಾಗಿತ್ತು. ಆಪಿನ ತುಂಬ ಗುಡ್ಡದ ಚಿತ್ರ, ಜಲಪಾತದ ಚಿತ್ರ, ಗಿರೀಶನ ಲಾಡ್ಜಿನ ಚಿತ್ರ. ಸಿಗ್ನಲ್ ಒಂದು ಕಡ್ಡಿ ಇರುವ ಕಡೆ ಅದು ತೆರೆಯುವಷ್ಟರಲ್ಲಿ ಪ್ರವಾಸಿಗರು ಬೇರೆ ಜೀಪು ಹತ್ತಿ ಹೋಗಿರುತ್ತಿದ್ದರು. ಅದಕ್ಕಿಂತ ದೊಡ್ಡ ದೂರು ಇನ್ನೊಂದಿತ್ತು. ಲಾಡ್ಜಿನ ಎರಡು ಜೀಪು ಯಾವಾಗ ನೋಡಿದರೂ ಬಾಡಿಗೆಯ ಮೇಲೇ ಇರುತ್ತವೆ. ಇದು ಯಾರಿಗೂ ತಿಳಿಯದ ವಿಷಯವಲ್ಲ. ಆದರೆ ಬೆರಳಿಟ್ಟು ತೋರಿಸಲು ಏನೂ ಇರಲಿಲ್ಲ. ಆಪು ಅವರವರ ಸರದಿಯನ್ನು ಅವರವರಿಗೆ ಮಾತ್ರ ಹೇಳುತ್ತಿತ್ತು, ಇಡೀ ಸಾಲು ಯಾರಿಗೂ ಕಾಣುತ್ತಿರಲಿಲ್ಲ.

'ಸಾಲು' ಎಂಬ ಪದವನ್ನು ಗಿರೀಶ ಆಪಿನಿಂದ ತೆಗೆದಿದ್ದ. ಸರ್ವರಿನಿಂದಲೂ ತೆಗೆದಿದ್ದಾನೆಯೇ? ಅವನ ಸೋಮಾರಿತನ ನನಗೆ ಗೊತ್ತು. ಸಣ್ಣವನಿದ್ದಾಗಿನಿಂದಲೂ ಮುಂಬಾಗಿಲು ಗುಡಿಸಿ ಹಿತ್ತಿಲನ್ನು ಹಾಗೇ ಬಿಡುವ ಪೈಕಿ.

ಸರ್ವರ್ ಅನ್ನೇ ಕೇಳಿ ನೋಡುವುದು ದೊಡ್ಡ ವಿದ್ಯೆಯೇನಲ್ಲ. ಸರ್ವರ್ ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಕಿವಿ ತೆರೆದು ಕೂತಿರುವ ಒಂದು ಪ್ರೋಗ್ರಾಮು. ಅದರ ವಿಳಾಸ ಗೊತ್ತಿರಬೇಕು, ಯಾವ ಬಾಗಿಲು ತಟ್ಟಬೇಕೆಂದು ಬಾಗಿಲಿನ ನಂಬರು ಗೊತ್ತಿರಬೇಕು, ಅದಕ್ಕೆ ಅರ್ಥವಾಗುವ ಪದ ಗೊತ್ತಿರಬೇಕು. ಮೂರೂ ನನಗೆ ಗೊತ್ತಿದ್ದವು. ತಟ್ಟುವ ಕಡೆಯ ಪ್ರೋಗ್ರಾಮಿಗೆ ಕ್ಲೈಂಟ್ ಎನ್ನುತ್ತಾರೆ. ಚಿತ್ರ, ಗುಂಡಿ, ಬಣ್ಣ ಒಂದೂ ಬೇಡ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಆ ಸಾಲು ಹೋಗಬೇಕು, ಉತ್ತರದ ಸಾಲು ಬರಬೇಕು. ಮೂಡಿಗೆರೆಯಲ್ಲಿ ಇದನ್ನು ಪ್ರತಿ ವರ್ಷ ಪ್ರಾಕ್ಟಿಕಲ್ಲಿಗೆ ಮಾಡಿಸುತ್ತಿದ್ದೆ. ಮಕ್ಕಳು 'ಹಲೋ' ಎಂದು ಕಳಿಸುತ್ತಿದ್ದರು, 'ಹಲೋ' ಎಂದು ವಾಪಸು ಬರುತ್ತಿತ್ತು, ನಾನು ಮಾರ್ಕ್ಸ್ ಹಾಕುತ್ತಿದ್ದೆ. ಅದರಿಂದ ಒಬ್ಬನ ಸೊಕ್ಕು ಮುರಿಯಬಹುದು ಎಂದು ಯಾವ ಸಿಲೆಬಸ್ಸಿನಲ್ಲೂ ಇರಲಿಲ್ಲ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಗಲ್ಲಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮೊದಲ ಸಲ ಬಾಗಿಲು ತೆರೆಯಿತು. ಪದ ಕಳಿಸಿದೆ. ಉತ್ತರ ಬರಲಿಲ್ಲ. ಕಾದೆ. ಸರ್ವರ್ ಕೂಡ ಸುಮ್ಮನೆ, ನಾನೂ ಸುಮ್ಮನೆ, ಮೊದಲು ಯಾರು ಮಾತಾಡಬೇಕೆಂದು ಬಿಗಿದುಕೊಂಡು ಕೂತ ಬೀಗರ ಹಾಗೆ. ಆಮೇಲೆ ಹೊಳೆಯಿತು, ಸಾಲು ಮುಗಿಯಿತು ಎಂಬ ಗುರುತನ್ನು ಕೊನೆಯಲ್ಲಿ ನಾನು ಕಳಿಸಿಯೇ ಇಲ್ಲ. ನಾನು ಇನ್ನೂ ಏನೋ ಹೇಳುತ್ತೇನೆಂದು ಅದು ಕಾಯುತ್ತಿದೆ. ಮಕ್ಕಳು ಇದೇ ತಪ್ಪು ಮಾಡಿದಾಗ ನಾನು ಎಷ್ಟು ರೇಗುತ್ತಿದ್ದೆ! ಅದನ್ನು ಸರಿ ಮಾಡಿದ ಮೇಲೆ ಉತ್ತರ ಬಂತು, ಆದರೆ ತುಂಡು ತುಂಡಾಗಿ. 'ಸುಂದ' ಎಂದು ಬಂದು ನಿಂತು, ಸ್ವಲ್ಪ ತಡೆದು 'ರಣ್ಣ' ಬಂತು. ನಮ್ಮ ನೆಟ್‌ವರ್ಕು ಹಾಗೆ, ಮಾತನ್ನು ಕಡಿದು ಕಡಿದು ತಂದುಹಾಕುತ್ತದೆ. ಬಂದ ತುಂಡುಗಳನ್ನೆಲ್ಲ ಕೂಡಿಟ್ಟು, ಸಾಲು ಪೂರ್ತಿಯಾದ ಮೇಲೆ ಮಾತ್ರ ಪರದೆಗೆ ಬಿಡುವಂತೆ ಬರೆದೆ. ಕರೆಂಟು ಹೋಗಿ ಸರ್ವರ್ ಸತ್ತಿದ್ದರೆ ಇಂಗ್ಲಿಷಿನಲ್ಲಿ ಏನೇನೋ ಬರುತ್ತಿತ್ತು. ಅದನ್ನು ತೆಗೆದು 'ಬಾಗ್ಲು ತೆಗೀತಿಲ್ಲ, ಆಮೇಲೆ ನೋಡಿ' ಎಂದು ಹಾಕಿದೆ.

ನನ್ನ ಊಹೆ ಸರಿಯಾಗಿತ್ತು. 'ಸಾಲು' ಎಂದು ಕೇಳಿದರೆ ಸರ್ವರ್ ಮುಚ್ಚುಮರೆಯಿಲ್ಲದೆ ಎಲ್ಲರ ಹೆಸರನ್ನೂ ಹೇಳಿತು. ಒಂದು ಮಧ್ಯಾಹ್ನವಿಡೀ ಕೇಳುತ್ತ ಕೂತೆ. ಉಳಿದವರೆಲ್ಲ ವಾಪಸು ಬಂದರೆ ಕೊನೆಗೆ ಹೋಗುತ್ತಿದ್ದರು. 'ಲಾಡ್ಜ್ ಒಂದು', 'ಲಾಡ್ಜ್ ಎರಡು' ಎಂಬ ಎರಡು ಹೆಸರು ಮಾತ್ರ ಬಂದ ತಕ್ಷಣ ಮೇಲಿನಿಂದ ಮೂರನೆಯ ಜಾಗಕ್ಕೆ ಜಿಗಿಯುತ್ತಿದ್ದವು. ಮೊದಲನೆಯ ಜಾಗಕ್ಕೆ ಜಿಗಿದರೆ ಎದ್ದು ಕಾಣುತ್ತದೆಂದು ಮೂರನೆಯದು. ಕಳ್ಳತನದಲ್ಲೂ ಅವನಿಗೆ ಮರ್ಯಾದೆ ಬೇಕಿತ್ತು!

ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಇದನ್ನು ನೋಡಿ ಬೇಸರಪಟ್ಟುಕೊಳ್ಳುತ್ತಾಳೆ, ಬಿಟ್ಟುಬಿಡು ಮಗಳೇ, ನಮ್ಮವನೇ ಅಲ್ಲವಾ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಇದು ರಸ್ತೆಗೆ ಕಾಣೋ ಹಂಗೆ ಮಾಡಕ್ಕಾಗುತ್ತಾ?" ಎಂದಳು.

ಮನೆಯ ಟಿವಿ ಅಂಗಡಿಗೆ ಬಂತು. ಹಲಗೆ ಇದ್ದ ಗೋಡೆಯ ಪಕ್ಕದ ಕಿಟಕಿಯಲ್ಲಿ ರಸ್ತೆಗೆ ಮುಖ ಮಾಡಿ ಇಟ್ಟೆವು. ಲ್ಯಾಪ್‌ಟಾಪಿನಿಂದ ವೈರು ಎಳೆದು, ಕ್ಲೈಂಟ್ ತಾನೇ ಸಾಲನ್ನು ಕೇಳಿ ಕೇಳಿ ತೋರಿಸುವಂತೆ ಮಾಡಿದೆ. ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮುಂದೆ ಕೀಬೋರ್ಡು. ಆಪು ತೆರೆಯದವರು ಅಲ್ಲೇ ತಮ್ಮ ಹೆಸರು ಹಾಕಿ 'ಬಂದೆ', 'ಹೊರಟೆ' ಎಂದು ಹೊಡೆಯಬಹುದು. ಒಂದೇ ಸಾಲು ಹೋಗುವುದರಿಂದ ಎಂಥ ದರಿದ್ರ ನೆಟ್‌ವರ್ಕಿನಲ್ಲೂ ಹೋಗುತ್ತಿತ್ತು.

ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಮೊದಲ ದಿನ ಡ್ರೈವರುಗಳು ಬೀಡಿ ಸೇದುತ್ತ ಸುಮ್ಮನೆ ನೋಡಿದರು. ಮಾರನೆಯ ದಿನ ಲಾಡ್ಜ್ ಎರಡು ಗುಡ್ಡದಿಂದ ಇಳಿದು ಬಂತು, ಅದರ ಹೆಸರು ಎಲ್ಲರ ಕಣ್ಣೆದುರೇ ಮೂರನೆಯ ಸಾಲಿಗೆ ಹೋಗಿ ಕೂತಿತು. ಬೆಳಿಗ್ಗೆಯಿಂದ ಕಾಯುತ್ತಿದ್ದ ಸತೀಶ ನಾಲ್ಕನೆಯ ಸಾಲಿಗೆ ಇಳಿದ. ಸತೀಶ ಎಂದರೆ ಹೊಸದಾಗಿ ಮದುವೆಯಾದ ಹುಡುಗ, ಮಾವನ ಜೀಪು ಓಡಿಸುತ್ತಿದ್ದ.

"ಇದೆಂತದು ಉಮಕ್ಕ? ನಿಮ್ಮ ಟಿವಿ ಕೆಟ್ಟಿದೆಯಾ?" ಎಂದ.

"ಟಿವಿ ಸರಿ ಇದೆ" ಎಂದೆ.

ಅಂದು ಸಂಜೆಯೇ ಗಿರೀಶ ಫೋನ್ ಮಾಡಿದ. "ನೀನು ನನ್ನ ಸರ್ವರ್ ಹ್ಯಾಕ್ ಮಾಡಿದೀಯ ಅಕ್ಕ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

"ನಾನು ಬೀಗ ಒಡೆದಿಲ್ಲ. ಬಾಗ್ಲು ತಟ್ಟಿ ಕೇಳಿದೆ, ನಿನ್ನ ಸರ್ವರೇ ಹೇಳ್ತು. ಕಂಪ್ಲೇಂಟಿಗೆ ಹೋಗುವಾಗ ನನ್ನೂ ಕರಿ, ಇಬ್ರೂ ಹೋಗೋಣ. ಲಾಡ್ಜ್ ಒಂದು, ಲಾಡ್ಜ್ ಎರಡು ಅಂತ ಅಲ್ಲೂ ತೋರಿಸ್ತೀನಿ."

ಮರುದಿನ ಬಾಗಿಲಿನ ನಂಬರನ್ನೇ ಬದಲಾಯಿಸಿದ. ನನ್ನ ಟಿವಿಯಲ್ಲಿ 'ಬಾಗ್ಲು ತೆಗೀತಿಲ್ಲ' ಎಂದು ಬಂತು. ಆದರೆ ಡ್ರೈವರುಗಳ ಆಪೂ ಅದೇ ಹಳೆಯ ಬಾಗಿಲು ತಟ್ಟುತ್ತಿತ್ತಲ್ಲ! ಹೊಸ ನಂಬರು ಬೇಕಾದರೆ ಹೊಸ ಆಪು ಇಳಿಸಿಕೊಳ್ಳಬೇಕು, ಅಷ್ಟು ಚಿತ್ರಗಳ ಸಮೇತ, ಆ ಸಿಗ್ನಲ್ಲಿನಲ್ಲಿ. ಅರ್ಧ ಸ್ಟ್ಯಾಂಡಿಗೆ ಸರದಿಯೇ ಸಿಗದೆ ಗಲಾಟೆಯಾಯಿತು. ಅವನ ಸ್ವಂತ ಡ್ರೈವರುಗಳಿಗೂ ಸಿಗಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಹಳೆಯ ಬಾಗಿಲೇ ತೆರೆದಿತ್ತು. ಅವತ್ತು ನಾನು ಅಂಗಡಿಯಲ್ಲಿ ಹಾಡು ಗುನುಗಿಕೊಂಡು ಬೇಳೆ ಅಳೆದೆ.

ಆದರೂ ಅವನು ಬರಲಿಲ್ಲ. ಲಾಡ್ಜಿನ ಅತಿಥಿಗಳಿಗೆ ಮೊದಲ ಆದ್ಯತೆ, ಅದು ಬಿಸಿನೆಸ್ಸು, ಅದರಲ್ಲಿ ತಪ್ಪೇನು ಎಂದು ಹೇಳಿಕೊಂಡು ತಿರುಗಿದ. ಕೆಲವರು ಅದೂ ಹೌದು ಎಂದರು. ಅಮ್ಮ ಇನ್ನೂ ಅಕ್ಕಿಮೂಟೆಯ ಮೇಲೇ ಕೂರುತ್ತಿದ್ದಳು.

ಕೊಯ್ಲು ಜೋರಾಯಿತು. ರಜೆಯ ದಿನಗಳೂ ಬಂದವು. ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಫೋನ್ ಹೊಡೆದುಕೊಂಡಿತು. ಗಿರೀಶನ ತಾಯಿ, ನನ್ನ ಚಿಕ್ಕಮ್ಮ. ಕಣದಲ್ಲಿ ಕಾಫಿ ಹರಡಿಸುತ್ತಿದ್ದ ಚಿಕ್ಕಪ್ಪ ಎದೆ ಹಿಡಿದುಕೊಂಡು ಕುಸಿದಿದ್ದರು. ಗಿರೀಶ ಯಾವುದೋ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಿದ್ದ, ಕಾರು ಅವನ ಜೊತೆಗಿತ್ತು. ಅವನ ಎರಡೂ ಜೀಪು ಪ್ರವಾಸಿಗರನ್ನು ಹೊತ್ತು ಗುಡ್ಡದ ಮೇಲೆ, ಸಿಗ್ನಲ್ ಇಲ್ಲದ ಕಡೆ. ಆಪಿನಲ್ಲಿ ಜೀಪು ಕರೆಯುವುದು ಹೇಗೆಂದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಮ್ಮ ಅಂಗಡಿಯ ನಂಬರು.

ದಸರಾ ಕಳೆದ ಮೇಲೆ ಅಮ್ಮ ಆ ಮನೆಯವರ ಜೊತೆ ಮಾತಾಡಿರಲಿಲ್ಲ. ಫೋನ್ ಇಟ್ಟವಳೇ ಕಟ್ಟೆಗೆ ಬಂದು ಮೊದಲಿನ ಹಾಗೇ ಕೂಗಿದಳು.

"ಸತೀಶ! ಮೈದುನಂಗೆ ಎದೆನೋವು. ಹೊರಡು."

ಅವನ ಜೀಪಿನಲ್ಲಿ ಪ್ರವಾಸಿಗರು ಹತ್ತಿ ಕೂತಾಗಿತ್ತು. ಬೆಳಿಗ್ಗೆಯಿಂದ ಕಾದು ಸಿಕ್ಕಿದ ಬಾಡಿಗೆ. ಅವರನ್ನು ಇಳಿಸಿದ, ಅವರು ಬೈದದ್ದನ್ನು ಕೇಳಿಸಿಕೊಳ್ಳಲೂ ನಿಲ್ಲದೆ ಹೋದ. ಚಿಕ್ಕಪ್ಪನನ್ನು ಮೂಡಿಗೆರೆಗೆ ಮುಟ್ಟಿಸಿದ. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಚಿಕ್ಕಪ್ಪ ಬದುಕಿಕೊಂಡರು. ಅವರ ಮೇಲೆ ನನಗೆ ಯಾವತ್ತೂ ಕೋಪವಿರಲಿಲ್ಲ. ಸಣ್ಣವಳಿದ್ದಾಗ ಅವರ ಭುಜದ ಮೇಲೆ ಕೂತು ಸುಗ್ಗಿ ಹಬ್ಬ ನೋಡಿದವಳು ನಾನು.

ಸಂಜೆ ಸತೀಶ ವಾಪಸು ಬಂದ. ಚಿಕ್ಕಪ್ಪನ ಸುದ್ದಿ ಕೇಳಲು ಸ್ಟ್ಯಾಂಡಿನವರೆಲ್ಲ ಅಂಗಡಿಯ ಮುಂದೆ ಸೇರಿದ್ದರು. ಅಷ್ಟರಲ್ಲಿ ಲಾಡ್ಜಿನ ಎರಡು ಜೀಪೂ ಇಳಿದು ಬಂದು ಸಾಲಿನಲ್ಲಿ ತಮ್ಮ ಮಾಮೂಲಿ ಜಾಗಕ್ಕೆ ಹೋಗಿದ್ದವು. ಸತೀಶ ಕೈಕಾಲು ತೊಳೆದು ನನ್ನ ಹತ್ತಿರ ಬಂದ.

"ಉಮಕ್ಕ, ಆಸ್ಪತ್ರೆ ಅಂತ ಹಾಕಿ."

ಏನು ಉತ್ತರ ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಸತೀಶನ ಹೆಸರು ಬರೆದು ಮುಂದೆ 'ಆಸ್ಪತ್ರೆ' ಎಂದು ಹೊಡೆದು ಎಂಟರ್ ಒತ್ತಿದೆ. ಪರದೆಯ ಮೇಲೆ ಬಂತು: 'ಈ ಪದ ಗೊತ್ತಿಲ್ಲ.'

ಸತೀಶ ಇನ್ನೊಂದು ಸಲ ಹಾಕಿ ಎಂದ. ಹಾಕಿದೆ. 'ಈ ಪದ ಗೊತ್ತಿಲ್ಲ.' ಕೊನೆಗೆ 'ಬಂದೆ' ಎಂದು ಹಾಕಿದೆ. ಅದು ಸರ್ವರ್‌ಗೆ ಗೊತ್ತಿತ್ತು. ಸತೀಶನ ಹೆಸರು ಸಾಲಿನ ಕಟ್ಟಕಡೆಗೆ, ಗಿರೀಶನ ಎರಡು ಜೀಪುಗಳಿಗಿಂತ ಎಷ್ಟೋ ಕೆಳಗೆ ಹೋಗಿ ನಿಂತಿತು. ಗಿರೀಶನ ಅಪ್ಪನನ್ನು ಉಳಿಸಿ ಬಂದವನ ಹೆಸರು. ನನಗೆ ಆಗ ಆದದ್ದು ಸಂತೋಷ, ಮುಚ್ಚಿಡುವುದೇಕೆ. ಅಷ್ಟು ಹದವಾದ ಸಂತೋಷವನ್ನು ಆಮೇಲೆ ನಾನು ಉಂಡಿಲ್ಲ.

ಸುಂದರಣ್ಣನೇ ಮೊದಲು ಬಾಯಿ ಬಿಟ್ಟರು. "ಆ ದಿನ ನಕ್ಕವ್ರು ಯಾರ್ಯಾರಪ್ಪ? ಈಗ ನಗಿ ನೋಡೋಣ."

ಆಮೇಲೆ ನನ್ನ ಕಡೆ ತಿರುಗಿದರು. "ಟೀಚರಮ್ಮ, ನಂದು 'ಹೊರಟೆ' ಅಂತ ಹಾಕಿ."

"ಎಲ್ಲಿಗೆ ಹೊರಟ್ರಿ ಸುಂದರಣ್ಣ?"

"ಎಲ್ಲಿಗೂ ಇಲ್ಲ."

ಅವರ ಮಾತಿನ ಹಿಕ್ಮತ್ತು ಎಲ್ಲರಿಗೂ ತಿಳಿಯಿತು. ಒಬ್ಬೊಬ್ಬರೇ ಸ್ಟೂಲಿನ ಮೇಲೆ ಕೂತು ತಮ್ಮ ತಮ್ಮ ಹೆಸರಿಗೆ 'ಹೊರಟೆ' ಎಂದು ಹೊಡೆದರು. ಹೊರಟವರು ಯಾರೂ ವಾಪಸು 'ಬಂದೆ' ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಜೀಪುಗಳೆಲ್ಲ ನಮ್ಮ ಅಂಗಡಿಯ ಮುಂದೆ ಬಾಲಕ್ಕೆ ಮೂತಿ ಹಚ್ಚಿಕೊಂಡು ನಿಂತಿದ್ದವು. ಗಿರೀಶನ ಸರ್ವರಿನ ಪ್ರಕಾರ ಕಳಸದಲ್ಲಿ ಅವನ ಎರಡು ಜೀಪು ಬಿಟ್ಟರೆ ಬೇರೆ ಜೀಪೇ ಇರಲಿಲ್ಲ. ಲಾಡ್ಜಿನಲ್ಲಿ ರೂಮೆಲ್ಲ ಭರ್ತಿ, ಅಷ್ಟು ಜನಕ್ಕೆ ಎರಡು ಜೀಪು ಸಾಲದು. ಗುಡ್ಡಕ್ಕೆ ಕರೆದೊಯ್ಯುತ್ತೇವೆಂದು ಬುಕಿಂಗ್ ಮಾಡಿಸಿಕೊಂಡ ಜನ ಟೋಪಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರಂತೆ.

ಗಿರೀಶ ಬಂದ. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಬಿಡುವಿಲ್ಲದೆ ಹೊಡೆದುಕೊಳ್ಳುವ ಮೊಬೈಲು. ಅಪ್ಪನನ್ನು ಉಳಿಸಿದ್ದಕ್ಕೆ ಉಪಕಾರ ಹೇಳಲು ಬಂದಿದ್ದಾನೆ ಎಂದು ಒಂದು ಗಳಿಗೆ ಅನ್ನಿಸಿತು. ಬಾಯಿ ತೆರೆದ ಕೂಡಲೇ ಅದು ಹೋಯಿತು.

"ಅಕ್ಕ, ಗೆಸ್ಟುಗಳು ಕಾಯ್ತಿದಾರೆ. ಇದನ್ನ ಸರಿ ಮಾಡು."

"ನನ್ನ ಕೇಳ್ಬೇಡ" ಎಂದು ಒಳಗೆ ಕೈ ತೋರಿಸಿದೆ.

ಅವನು ಒಳಗೆ ಹೆಜ್ಜೆ ಇಡುವ ಮೊದಲೇ ಅಮ್ಮನ ದನಿ ಬಂತು. "ಅಲ್ಲೇ ಇರು. ನಾನೇ ಹೊರಗೆ ಬರ್ತೀನಿ."

ಅಮ್ಮ ಬಂದಳು. ಸೆರಗು ಸರಿಮಾಡಿಕೊಂಡು ಗಲ್ಲಾದಲ್ಲಿ ರಸ್ತೆಗೆ ಮುಖ ಮಾಡಿ ಕೂತಳು. ಗಿರೀಶ ಏನೋ ಹೇಳಲು ಹೋದ. ಅಷ್ಟರಲ್ಲಿ ಬೆಲ್ಲ ಕೇಳಿಕೊಂಡು ಒಬ್ಬ ಮುದುಕಿ ಬಂದಳು. ಅಮ್ಮ ಗಿರೀಶನಿಗೆ ತಡಿ ಎಂದು ಕೈ ಮಾಡಿ ಬೆಲ್ಲ ತೂಗಿದಳು, ಕಾಗದದಲ್ಲಿ ಕಟ್ಟಿದಳು, ಮುದುಕಿಯ ಸೊಸೆಯ ಬಾಣಂತನ ವಿಚಾರಿಸಿದಳು. ಅವಳು ಹೋದ ಮೇಲೆ ಗಿರೀಶನ ಕಡೆ ನೋಡಿದಳು.

"ತಪ್ಪಾಯ್ತು ದೊಡ್ಡಮ್ಮ" ಎಂದ ಅವನು.

"ಎಂತ?"

"ಆ ಹಲಸಿನಹಣ್ಣಿನ ಮಾತು. ತಪ್ಪಾಯ್ತು."

"ಕೇಳ್ಸಲ್ಲ ನಂಗೆ. ಅವತ್ತು ನೀನು ಜೋರಾಗಿ ಹೇಳಿದ್ದೆ."

ಗಿರೀಶ ಸುತ್ತ ನೋಡಿದ. ಡ್ರೈವರುಗಳು ಬಾನೆಟ್ಟಿಗೆ ಒರಗಿ ನಿಂತಿದ್ದರು. ಆಚೆ ಬದಿಯ ಹೋಟೆಲಿನವರು ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದರು. ಅವನು ಗಟ್ಟಿಯಾಗಿ ಹೇಳಿದ, "ನಾನು ಅವತ್ತು ಹೇಳಿದ್ದು ಸುಳ್ಳು. ದೊಡ್ಡಮ್ಮ ಯಾರ ಹತ್ರಾನೂ ಏನೂ ಇಸ್ಕೊಂಡಿಲ್ಲ."

ಅಮ್ಮ ಆಯಿತು ಬಿಡು ಎನ್ನಲಿಲ್ಲ. ಕೂತ್ಕೋ ಎಂದು ಸ್ಟೂಲು ತೋರಿಸಿದಳು. ಅವನು ಕೂತ. ಸರ್ವರ್ ಅನ್ನು ತಿದ್ದುವ ಗುಪ್ತಪದ ಇದ್ದದ್ದು ಅವನೊಬ್ಬನಲ್ಲೇ. ನನ್ನ ಕೀಬೋರ್ಡಿನಲ್ಲಿ, ನನ್ನ ಕ್ಲೈಂಟಿನ ಮೂಲಕ ತನ್ನ ಸರ್ವರಿನ ಒಳಗೆ ಹೋಗಿ ಮೊದಲು 'ಆಸ್ಪತ್ರೆ' ಎಂಬ ಪದವನ್ನು ಸೇರಿಸಿದ. ತನ್ನ ಜೀಪುಗಳನ್ನು ಮೂರನೆಯ ಜಾಗಕ್ಕೆ ಜಿಗಿಸುವ ಪ್ರೋಗ್ರಾಮಿನ ಸಾಲನ್ನು ಅಳಿಸಿದ. ನಾನು ಬೆನ್ನ ಹಿಂದೆ ನಿಂತು ಒಂದೊಂದು ಅಕ್ಷರವನ್ನೂ ನೋಡಿದೆ. ಆಮೇಲೆ ಸಾಲನ್ನು ಹೊಸದಾಗಿ ಕಟ್ಟಬೇಕಿತ್ತು. ಅಮ್ಮ ರಸ್ತೆಯಲ್ಲಿ ನಿಂತ ಜೀಪುಗಳನ್ನು ನೋಡುತ್ತ ಒಂದೊಂದೇ ಹೆಸರು ಕೂಗಿದಳು, ಅವನು ಹೊಡೆಯುತ್ತ ಹೋದ. ಮೊದಲನೆಯದು ಸತೀಶ. ಮೊಬೈಲು ಅವನ ಜೇಬಿನಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು.

ಅಮ್ಮ ಹೆಸರು ಹೇಳುವುದನ್ನು ನಿಲ್ಲಿಸಿದಳು.

"ಈಗ ನನ್ನವೆರಡು ಹಾಕ್ಲಾ ದೊಡ್ಡಮ್ಮ?" ಎಂದ.

"ಇರು. ಜನಾರ್ದನ ಕ್ಲಚ್ ಹಾಕ್ಸಕ್ಕೆ ಹೋಗಿದಾನೆ. ಅವ್ನು ಬರ್ಲಿ. ನಿಂದು ಅವ್ನಾದ ಮೇಲೆ."

ಗಿರೀಶ ತಲೆಯಾಡಿಸಿ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ ಕೂತ. ಯಾವುದೇ ಗಳಿಗೆಯಲ್ಲಿ ಜನಾರ್ದನ ಬಂದಾನೆಂದು ರಸ್ತೆಯ ತಿರುವನ್ನೇ ನೋಡುತ್ತಿದ್ದ. ಜನಾರ್ದನ ಹೋಗಿದ್ದದ್ದು ಮೂಡಿಗೆರೆಗೆ, ಅವನು ಬರುವುದು ಸಂಜೆಗೆ. ಅದು ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.